ಹೂಡಿಕೆದಾರರಿಲ್ಲದೆ ಸಣ್ಣ ಸಾಫ್ಟ್‌ವೇರ್ ವ್ಯಾಪಾರ: ಗೊಬ್ಬರದಂಗಡಿ ಬಿಲ್ಲಿಂಗ್‌ನ ಉದಾಹರಣೆ

ಕೈಯ ದುಡ್ಡಿನಲ್ಲೇ ಸಾಫ್ಟ್‌ವೇರ್ ವ್ಯಾಪಾರ ಕಟ್ಟುವವರು ಮೊದಲು ತೀರ್ಮಾನಿಸಬೇಕಾದದ್ದು ಯಾರಿಗೆ ಮಾರುವುದು ಎಂಬುದನ್ನು. ಎಲ್ಲ ಅಂಗಡಿಗೂ ಹೊಂದುವ ಬಿಲ್ಲಿಂಗ್ ಮಾಡಹೊರಟರೆ ಮೊದಲ ದಿನದಿಂದಲೇ ಟ್ಯಾಲಿಯಂಥ ದೊಡ್ಡವರ ಎದುರು ನಿಲ್ಲಬೇಕು. ಒಂದೇ ಕಸುಬು, ಒಂದೆರಡು ತಾಲ್ಲೂಕು ಹಿಡಿಯಿರಿ. ಬೀಜ, ಗೊಬ್ಬರ, ಕೀಟನಾಶಕ ಮಾರುವ ಅಂಗಡಿಯನ್ನು ತೆಗೆದುಕೊಳ್ಳೋಣ. ಅಲ್ಲಿ ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲ, ರಸಗೊಬ್ಬರಕ್ಕೆ ಶೇ 5, ರಾಸಾಯನಿಕ ಕೀಟನಾಶಕಕ್ಕೆ ಶೇ 18. ಮೂರೂ ಒಂದೇ ಬಿಲ್ಲಿಗೆ ಬರುತ್ತವೆ. ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಾರೀಕು ಬೇಕು. ರೈತರ ಉದ್ರಿ ಖಾತೆ ಬೆಳೆ ಕೈಸೇರುವವರೆಗೂ ತೆರೆದೇ ಇರುತ್ತದೆ. ಇಷ್ಟನ್ನು ತಪ್ಪಿಲ್ಲದೆ ಮಾಡಿದರೆ ಮೊದಲ ವರ್ಷಕ್ಕೆ ಸಾಕು. ಸಬ್ಸಿಡಿ ಗೊಬ್ಬರದ ಮಾರಾಟ ಸರ್ಕಾರದ ಪಿಒಎಸ್ ಯಂತ್ರದಲ್ಲೇ ದಾಖಲಾಗಬೇಕು. ಅದಕ್ಕೆ ನಿಮ್ಮ ಸಾಫ್ಟ್‌ವೇರ್ ಜೋಡಿಸಿಕೊಡುತ್ತೇವೆಂದು ಮಾತು ಕೊಡಬೇಡಿ.

ಕೋಡ್ ಬರೆಯುವ ಮೊದಲು ಐದಾರು ಅಂಗಡಿಗಳ ಕೌಂಟರಿನ ಪಕ್ಕ ಕೂತು ಬಿಲ್ಲು ಹೇಗೆ ಆಗುತ್ತದೆಂದು ನೋಡಿ. ಉದ್ರಿ ಪುಸ್ತಕದ ಅಂಕಣಗಳನ್ನು ಹಾಗೆಯೇ ಬರೆದುಕೊಳ್ಳಿ. ನಂತರ ಅರ್ಧ ಹಣ ಮುಂಗಡ ಕೇಳಿ. ‘ಚೆನ್ನಾಗಿದೆ, ಮಾಡಿ ತನ್ನಿ, ನೋಡೋಣ’ ಎಂಬ ಮಾತನ್ನು ಗಿರಾಕಿ ಎಂದು ಎಣಿಸಬಾರದು. ಮೂರು ಅಂಗಡಿಯಾದರೂ ಮುಂಗಡ ಕೊಡದಿದ್ದರೆ ಕಸುಬನ್ನೇ ಬದಲಿಸಿ. ಆರು ತಿಂಗಳು ಕೋಡ್ ಬರೆದ ಮೇಲೆ ಬದಲಿಸುವುದಕ್ಕಿಂತ ಅದು ಎಷ್ಟೋ ಅಗ್ಗ.

ಮಾರುವುದಕ್ಕೂ ಹಂಗಾಮು ಇದೆ. ಮುಂಗಾರು ಶುರುವಾದ ಜೂನ್, ಜುಲೈಯಲ್ಲಿ ಮಾಲೀಕರಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಮಾರಿ, ಮಾರ್ಚ್ 31ರ ಸ್ಟಾಕ್ ಎಣಿಸಿ, ಏಪ್ರಿಲ್ 1ಕ್ಕೆ ಹೊಸ ಬಿಲ್ ಸರಣಿಯೊಂದಿಗೆ ಆರಂಭಿಸಿ. ವರ್ಷದ ನಡುವೆ ಶುರು ಮಾಡಿದರೆ ಹಳೆಯ ಬಾಕಿ, ಹಳೆಯ ಸ್ಟಾಕು ತಾಳೆಯಾಗದೆ ಮೊದಲ ತಿಂಗಳೇ ನಂಬಿಕೆ ಹೋಗುತ್ತದೆ.

ಎಲ್ಲಿ ಕೈಕೊಡುತ್ತದೆ

ತೆರಿಗೆ ದರವನ್ನು ಕೋಡಿನಲ್ಲಿ ಬರೆಯಬೇಡಿ. 2025ರ ಸೆಪ್ಟೆಂಬರ್ 22ರಂದು ದರಗಳು ಬದಲಾದಾಗ ಹಾಗೆ ಬರೆದವರು ಒಂದೊಂದು ಅಂಗಡಿಗೂ ಹೊಸ ಆವೃತ್ತಿ ಹಾಕಬೇಕಿತ್ತು. ದರಕ್ಕೆ ಬೇರೆ ಪಟ್ಟಿ ಇರಲಿ; ಪ್ರತಿ ಸಾಲಿಗೂ ‘ಯಾವ ದಿನದಿಂದ’ ಎಂಬ ಅಂಕಣ ಇರಲಿ. ಸರಕು ವಾಪಸ್ ಬಂದರೆ ಈ ಪಟ್ಟಿಯನ್ನು ನೋಡದೆ ಮೂಲ ಬಿಲ್ಲಿನ ದರವನ್ನೇ ಹಿಡಿಯಬೇಕು.

ಬಿಲ್ ಸಂಖ್ಯೆ ಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಮರುಕಳಿಸಬಾರದು. ಎರಡು ಕೌಂಟರ್ ಇದ್ದು ಇಂಟರ್ನೆಟ್ ಹೋದರೆ ಎರಡೂ ಕಡೆ ಒಂದೇ ಸಂಖ್ಯೆ ಹುಟ್ಟುವ ಅಪಾಯವಿದೆ. ಕೌಂಟರಿಗೊಂದು ಇಂಗ್ಲಿಷ್ ಅಕ್ಷರ, ಆಮೇಲೆ ವರ್ಷ, ಆಮೇಲೆ ಐದಂಕಿಯ ಸಂಖ್ಯೆ ಕೊಡಿ. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಡೇಟಾ ಅಂಗಡಿಯ ಕಂಪ್ಯೂಟರಿನಲ್ಲಿ, ಒಂದೇ ಫೈಲಿನ ಡೇಟಾಬೇಸ್ ಆದ ಎಸ್‌ಕ್ಯುಲೈಟ್‌ನಲ್ಲಿರಲಿ, ನೆಟ್ ಬಂದಾಗ ಸರ್ವರಿಗೆ ಹೋಗಲಿ.

ಕನ್ನಡ ಬಿಲ್ಲು ಬಹಳ ಜನ ಎಡವುವ ಜಾಗ. ಅಗ್ಗದ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಪಠ್ಯ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳು ಅಚ್ಚಾಗುತ್ತವೆ. ಬಿಲ್ಲನ್ನು ಕಪ್ಪು-ಬಿಳುಪು ಚಿತ್ರವಾಗಿಸಿ ಕಳಿಸಬೇಕು: 58 ಮಿ.ಮೀ. ಕಾಗದಕ್ಕೆ 384 ಚುಕ್ಕೆ ಅಗಲ, 80 ಮಿ.ಮೀ.ಗೆ ಸಾಮಾನ್ಯವಾಗಿ 576. ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿದರೆ ಒತ್ತಕ್ಷರ ಒಡೆಯುತ್ತದೆ, ಇಡೀ ಸಾಲನ್ನು ಒತ್ತಕ್ಷರ ಸರಿಯಾಗಿ ಜೋಡಿಸುವ ಹಾರ್ಫ್‌ಬಝ್‌ನಂಥ ಲೈಬ್ರರಿಗೆ ಒಪ್ಪಿಸಿ. ಹಳೆಯ ಸರಕಿನ ಪಟ್ಟಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಇಲ್ಲದಿದ್ದರೆ ಹುಡುಕಾಟದಲ್ಲಿ ಯಾವ ಹೆಸರೂ ಸಿಗುವುದಿಲ್ಲ.

ದುಡ್ಡಿನ ಲೆಕ್ಕ

ವರ್ಷಕ್ಕೆ 6,000 ರೂಪಾಯಿಯಂತೆ ಮುಂಗಡ ಪಡೆಯಿರಿ. ತಿಂಗಳಿಗೆ 500 ಎಂದರೆ ಕೇಳಲು ಸುಲಭ, ಆದರೆ ವರ್ಷಕ್ಕೆ ಹನ್ನೆರಡು ಸಲ ವಸೂಲಿಗೆ ಅಲೆಯಬೇಕು. ಮುಂಗಡ ಬಂದ ದಿನ ಅದು ಪೂರ್ತಿ ನಿಮ್ಮದಲ್ಲ, ಹನ್ನೆರಡು ತಿಂಗಳ ಸೇವೆಯ ಸಾಲ. ಏಪ್ರಿಲ್‌ನಲ್ಲಿ 50 ಅಂಗಡಿಯಿಂದ 3 ಲಕ್ಷ ಬಂದರೆ ತಿಂಗಳಿಗೆ 25,000 ಮಾತ್ರ ಖರ್ಚಿನ ಖಾತೆಗೆ ವರ್ಗಾಯಿಸಿ, ಉಳಿದದ್ದು ಬೇರೆ ಖಾತೆಯಲ್ಲಿರಲಿ. ಸಣ್ಣ ಸಾಫ್ಟ್‌ವೇರ್ ವ್ಯಾಪಾರ ದೀಪಾವಳಿ ಹೊತ್ತಿಗೆ ಬರಿಗೈಯಾಗುವುದು ಈ ಶಿಸ್ತು ಇಲ್ಲದೆ. ಮನೆಯ ಒಂದು ವರ್ಷದ ಖರ್ಚು ಪ್ರತ್ಯೇಕವಾಗಿ ಕೂಡಿಡದೆ ಕೆಲಸ ಬಿಡಬೇಡಿ.

ಆರಂಭಕ್ಕೆ ಏಕಮಾಲೀಕತ್ವ ಸಾಕು. ಪ್ರೈವೇಟ್ ಲಿಮಿಟೆಡ್ ಮಾಡಿದರೆ ವಹಿವಾಟು ಎಷ್ಟೇ ಕಡಿಮೆ ಇದ್ದರೂ ವರ್ಷವೂ ಆಡಿಟ್ ಕಡ್ಡಾಯ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಸರ್ಕಾರಿ ತಾಣದಲ್ಲಿ ಶುಲ್ಕವಿಲ್ಲ, ಮಧ್ಯವರ್ತಿಗೆ ಹಣ ಕೊಡಬೇಡಿ. ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು; ಮೇಲಿನ ದರದಲ್ಲಿ ಅದು ಸುಮಾರು 333 ಅಂಗಡಿ. ಅಂದಿನಿಂದ ಶೇ 18 ಸೇರಿ ಬಿಲ್ಲು 7,080 ಆಗುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವ (ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ) ಅಂಗಡಿಗೆ ಆ 1,080 ಮರಳಿ ಸಿಗುವುದಿಲ್ಲ, ಜಗಳ ಬರುವುದು ಅಲ್ಲಿಂದಲೇ. ಹಾಗಾಗಿ ಮೊದಲ ಒಪ್ಪಂದದಲ್ಲೇ ‘ಅನ್ವಯವಾದಾಗ ತೆರಿಗೆ ಪ್ರತ್ಯೇಕ’ ಎಂದು ಬರೆಯಿರಿ.

ಫೋನ್ ಕರೆ

ಸರ್ವರಿಗಿಂತ ದುಬಾರಿ ನಿಮ್ಮ ಸಮಯ. 100 ಅಂಗಡಿ, ತಿಂಗಳಿಗೆ ತಲಾ ಎರಡು ಕರೆ, ಕರೆಗೆ 12 ನಿಮಿಷ ಎಂದಿಟ್ಟುಕೊಂಡರೂ 40 ಗಂಟೆ, ಅಂದರೆ ಒಂದು ಪೂರ್ತಿ ವಾರ. ಪ್ರತಿ ಕರೆಯ ಕಾರಣವನ್ನು ಒಂದು ಹಾಳೆಯಲ್ಲಿ ಬರೆದಿಡಿ. ತಿಂಗಳ ಕೊನೆಗೆ ಅತಿ ಹೆಚ್ಚು ಬಾರಿ ಬಂದ ಎರಡು ಕಾರಣಗಳನ್ನು ಸಾಫ್ಟ್‌ವೇರಿನಲ್ಲೇ ತೆಗೆದುಹಾಕಿ. ಹೊಸ ಸೌಲಭ್ಯಕ್ಕೆ ಕೈ ಹಾಕುವುದು ಅದಾದ ಮೇಲೆ. ಜಿಎಸ್‌ಟಿಆರ್-1 ಮತ್ತು 3ಬಿ ಎಂಬ ತಿಂಗಳ ತೆರಿಗೆ ವಿವರಗಳನ್ನು ಸಲ್ಲಿಸುವ 11 ಮತ್ತು 20ನೇ ತಾರೀಕಿನ ಹಿಂದಿನ ಮೂರು ದಿನ, ಮಾರ್ಚ್ ಕೊನೆಯ ವಾರ, ಹೊಸ ಆವೃತ್ತಿ ಬಿಡಲೇಬೇಡಿ.

ಬ್ಯಾಕಪ್ ದಿನವೂ ಆಗಲಿ, ಸರ್ವರ್ ಕೊಟ್ಟ ಕಂಪನಿಯಲ್ಲದೆ ಬೇರೊಂದು ಕಡೆ ಉಳಿಯಲಿ. ತಿಂಗಳಿಗೊಮ್ಮೆ ಒಂದು ಅಂಗಡಿಯ ಡೇಟಾವನ್ನು ಖಾಲಿ ಯಂತ್ರದಲ್ಲಿ ಮರಳಿ ತೆರೆದು, ಕೊನೆಯ ಬಿಲ್ ಸಂಖ್ಯೆ ಮತ್ತು ಉದ್ರಿ ಒಟ್ಟು ಸರಿಯಿದೆಯೇ ನೋಡಿ.

ನವೀಕರಣದ ನೆನಪನ್ನು 30 ದಿನ ಮೊದಲು ವಾಟ್ಸಾಪಿನಲ್ಲಿ ಕಳಿಸಿ, 7 ದಿನ ಇರುವಾಗ ಫೋನ್ ಮಾಡಿ. ಹಣ ಬಾರದಿದ್ದರೆ ಹೊಸ ಬಿಲ್ಲು ಮಾತ್ರ ನಿಲ್ಲಲಿ. ಹಳೆಯ ಬಿಲ್ಲು, ಉದ್ರಿ ಪಟ್ಟಿ ನೋಡಲು, ಎಕ್ಸೆಲ್‌ಗೆ ಇಳಿಸಿಕೊಳ್ಳಲು ಯಾವತ್ತೂ ತಡೆ ಹಾಕಬೇಡಿ. ಆ ಲೆಕ್ಕ ಅಂಗಡಿಯವರದು, ಆಡಿಟರ್ ಕೇಳಿದ ದಿನ ಅವರ ಕೈಗೆ ಸಿಗಲೇಬೇಕು.