ಕೆಂಪು ಹರಳಿನೊಳಗೆ ಎರಡು ಗೆರೆ

ಹರಳು ಪರೀಕ್ಷೆಗೆಂದು ನನ್ನ ಮೇಜಿಗೆ ಬರುವುದರಲ್ಲಿ ಕೆಂಪೇ ಹೆಚ್ಚು. ಓಲೆಯ ಕೆಂಪು, ಮೂಗುಬೊಟ್ಟಿನ ಕೆಂಪು, ಜಾತಕ ತೋರಿಸಿ ಉಂಗುರಕ್ಕೆ ಕೂರಿಸಿಕೊಂಡ ಕೆಂಪು. ತಂದವರ ಪಾಲಿಗೆ ಎಲ್ಲವೂ ಮಾಣಿಕ್ಯವೇ. ಬರೀ ಬಣ್ಣ ನೋಡಿ ನಾನು ಏನನ್ನೂ ಹೇಳುವುದಿಲ್ಲ. ಬ್ರಿಟನ್ನಿನ ರಾಜಕಿರೀಟದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ಯೇ ಮಾಣಿಕ್ಯವಲ್ಲ, ಸ್ಪಿನೆಲ್ ಎಂಬ ಬೇರೆ ಖನಿಜ ಅಂದಮೇಲೆ ನಮ್ಮ ಕಣ್ಣಂದಾಜು ಯಾವ ಲೆಕ್ಕ?

ಮೊದಲು ರಿಫ್ರ್ಯಾಕ್ಟೋಮೀಟರ್, ಅಂದರೆ ಹರಳು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಂಕಿಯನ್ನು (ವಕ್ರೀಭವನಾಂಕ) ಅಳೆಯುವ ಸಾಧನ. ಅದರ ಗಾಜಿನ ಮೇಲೆ ವಕ್ರೀಭವನಾಂಕ 1.81 ಇರುವ ದ್ರವವನ್ನು ಒಂದು ಚುಕ್ಕೆಯಷ್ಟು ಇಟ್ಟು, ಹರಳಿನ ಚಪ್ಪಟೆ ಮುಖವನ್ನು ಅದರ ಮೇಲೆ ಬೆರಳಿನಿಂದಲೇ ಸರಿಸುತ್ತೇನೆ. ಆ ಗಾಜು ಮೆದು. ಚಿಮಟ ತಾಗಿದರೂ ಗೀರು ಬೀಳುತ್ತದೆ. ದ್ರವ ಹೆಚ್ಚಾದರೆ ಸಣ್ಣ ಹರಳು ತೇಲಿಬಿಡುತ್ತದೆ. ದೀಪ ಹಳದಿಯದೇ ಆಗಬೇಕು, ಸೋಡಿಯಂ ಬೆಳಕಿನ 589 ನ್ಯಾನೋಮೀಟರ್‌ನದು. ಬಿಳಿ ಬೆಳಕಿಟ್ಟರೆ ಅಳತೆಪಟ್ಟಿಯಲ್ಲಿ ಓದಬೇಕಾದ ಗೆರೆಯ ಅಂಚಿಗೆ ಕಾಮನಬಿಲ್ಲಿನ ಬಣ್ಣ ಮೆತ್ತಿಕೊಳ್ಳುತ್ತದೆ. ಒಂದು ಕೋನ ದಾಟಿದ ಬೆಳಕು ಹರಳಿನೊಳಗೆ ಹೋಗದೆ ಪೂರ್ತಿ ಹಿಂದಕ್ಕೆ ಬರುತ್ತದೆ. ಆ ಕೋನ ಎಲ್ಲಿದೆಯೋ ಅಲ್ಲಿ ಅಳತೆಪಟ್ಟಿಯ ಮೇಲೆ ನೆರಳಿನ ಗಡಿ ಕಾಣುತ್ತದೆ, ಅದೇ ಆ ಗೆರೆ. ನಾವು ಓದುವುದು ಅದನ್ನೇ.

ಗಡಿ 1.718ರಲ್ಲಿ ನಿಂತರೆ ಸ್ಪಿನೆಲ್. ಗಾಜಾದರೆ ಸಾಮಾನ್ಯವಾಗಿ 1.7ರ ಕೆಳಗೇ. ತೊಡಕಿರುವುದು 1.76ರ ಆಸುಪಾಸಿನಲ್ಲಿ: ಮಾಣಿಕ್ಯವೂ ಅಲ್ಲೇ, ರೋಡೋಲೈಟ್ ಗಾರ್ನೆಟ್ ಎಂಬ ಇನ್ನೊಂದು ಕೆಂಪು ಹರಳೂ ಅಲ್ಲೇ. ಆಗ ನೇತ್ರಮಸೂರದ ಮೇಲೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆ ಇಟ್ಟು ಮೆಲ್ಲಗೆ ತಿರುಗಿಸುತ್ತೇನೆ. ಮಾಣಿಕ್ಯವಾದರೆ ಗೆರೆ 1.762ರಿಂದ 1.770ಕ್ಕೆ ಟಕ್ಕನೆ ನೆಗೆಯುತ್ತದೆ, ಇನ್ನಷ್ಟು ತಿರುಗಿಸಿದರೆ ಹಿಂದಕ್ಕೆ. ಅಂತರ 0.008 ಮಾತ್ರ, ಆದರೆ ನನಗೆ ಬೇಕಾದ್ದು ಅದೇ. ಒಂದು ಭಂಗಿಯಲ್ಲಿ ನೆಗೆತ ಕಾಣದಿದ್ದರೆ ಹರಳನ್ನೂ ಅಷ್ಟಷ್ಟೇ ತಿರುಗಿಸುತ್ತಾ ನೋಡಬೇಕು. ಗಾರ್ನೆಟ್ಟಿನ ಗೆರೆ ಏನು ಮಾಡಿದರೂ ಅಲುಗದು. ಗಾರ್ನೆಟ್ ಘನ ವ್ಯವಸ್ಥೆಯ ಸ್ಫಟಿಕ, ಅದರೊಳಗೆ ಬೆಳಕು ಯಾವ ದಿಕ್ಕಿಗೆ ಹೋದರೂ ಒಂದೇ ವೇಗ. ಮಾಣಿಕ್ಯದಲ್ಲಿ ಕಿರಣ ಎರಡಾಗಿ ಒಡೆದು, ಒಂದೊಂದೂ ತನ್ನದೇ ವೇಗದಲ್ಲಿ ಸಾಗುತ್ತದೆ. ಒಂದೇ ಒಂದು ಅಕ್ಷದ ಉದ್ದಕ್ಕೆ ಮಾತ್ರ ಒಡೆಯುವುದಿಲ್ಲ.

ಆ ಎರಡು ಕಿರಣಗಳಿಗೆ ಬಣ್ಣವೂ ಬೇರೆ. ಆ ಎರಡನ್ನೂ ಅಕ್ಕಪಕ್ಕ ತೋರಿಸಲು ಕ್ಯಾಲ್ಸೈಟ್ ಖನಿಜದ ತುಂಡು ಕೂರಿಸಿದ ಡೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದು ಕಿಂಡಿಯಲ್ಲಿ ನೇರಳೆಗೆಂಪು, ಪಕ್ಕದಲ್ಲೇ ಕಿತ್ತಳೆಗೆಂಪು. ಎಷ್ಟು ಸಲ ನೋಡಿದರೂ ನನಗೆ ಇದು ಸಾಕೆನಿಸಿಲ್ಲ.

ಹಳೆಯ ಓಲೆಗಳದು ಬೇರೆಯೇ ಗೋಳು. ಹಿಂಬದಿ ಮುಚ್ಚಿದ ಕಟ್ಟು, ಅಡಿಯಲ್ಲಿ ಲೋಹದ ತೆಳು ಹಾಳೆ, ಮೇಲೆ ಗುಂಡಗೆ ಉಜ್ಜಿದ ಹರಳು. ಚಪ್ಪಟೆ ಮುಖವೇ ಇಲ್ಲದ ಕಡೆ ಗುಮ್ಮಟದ ತುದಿಯನ್ನು ದ್ರವಕ್ಕೆ ತಾಗಿಸಿ, ಒಂದಡಿ ದೂರದಿಂದ ಆ ಚುಕ್ಕೆ ಅರ್ಧ ಕಪ್ಪು ಅರ್ಧ ಬೆಳಕಾಗುವ ಜಾಗವನ್ನು ಓದುತ್ತೇನೆ. ಸಿಗುವುದು ಎರಡೇ ದಶಮಾಂಶ ಸ್ಥಾನದವರೆಗಿನ ಅಂಕಿ. ಹಾಗಾಗಿ ನೇರಳಾತೀತ ದೀಪವನ್ನೂ ಹಿಡಿಯುತ್ತೇನೆ: ಕ್ರೋಮಿಯಂ ಇರುವ ಮಾಣಿಕ್ಯ ಸಾಮಾನ್ಯವಾಗಿ ಕೆಂಪಗೆ ಹೊಳೆಯುತ್ತದೆ, ಕಬ್ಬಿಣ ತುಂಬಿದ ಗಾರ್ನೆಟ್ ಸುಮ್ಮನಿರುತ್ತದೆ.

ಹೊಳಪು ಅತಿಯಾದರೆ ನನಗೆ ಅನುಮಾನ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಗಸ್ಟ್ ವರ್ನ್ಯೂಯಿ ಅಲ್ಯುಮಿನಾ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ. ಅದೂ 1.762, 1.770 ಎಂದೇ ತೋರಿಸುತ್ತದೆ, ಏಕೆಂದರೆ ಅದು ನಿಜಕ್ಕೂ ಮಾಣಿಕ್ಯ. ಇಂಥ ಹರಳನ್ನು ಬಿಡಿಸಿ ಮೆಥಿಲೀನ್ ಅಯೊಡೈಡಿನಲ್ಲಿ ಮುಳುಗಿಸುತ್ತೇನೆ. ಅದರ ವಕ್ರೀಭವನಾಂಕ 1.74, ಮಾಣಿಕ್ಯದ್ದಕ್ಕೆ ಹತ್ತಿರ. ಹಾಗಾಗಿ ಮೇಲ್ಮೈಯ ಮಿನುಗು ಅಡಗಿ ಒಳಗಿನದು ಬಿಚ್ಚಿಕೊಳ್ಳುತ್ತದೆ. ಭೂಮಿಯಲ್ಲಿ ಬೆಳೆದದ್ದರಲ್ಲಿ ಬೆಳವಣಿಗೆಯ ಗೆರೆಗಳು ನೇರ, ಮೂಲೆ ತಿರುಗಿ ಸಾಗುತ್ತವೆ. ಜ್ವಾಲೆಯಲ್ಲಿ ಬೆಳೆದದ್ದರಲ್ಲಿ ಬಾಗಿರುತ್ತವೆ.

“ಅಜ್ಜಿ ಕಾಲದ್ದು ಸಾರ್, ಡೂಪ್ಲಿಕೇಟ್ ಹೇಗಾಗುತ್ತೆ?” ಅಂತ ಕೇಳುತ್ತಾರೆ. “ಅಜ್ಜಿ ಕಾಲಕ್ಕಾಗಲೇ ಇವು ಅಂಗಡೀಲಿದ್ವು ಅಮ್ಮಾ, ಇದು ಗಾಜಲ್ಲ, ಕೆಂಪೇ, ಬೆಳೆಸಿದ್ದು” ಅನ್ನುತ್ತೇನೆ. ವರದಿಯಲ್ಲೂ ಹಾಗೇ ಬರೆಯುತ್ತೇನೆ: ಸಂಶ್ಲೇಷಿತ ಮಾಣಿಕ್ಯ.