ಕೆಜಿಎಫ್‌ಗೆ ಎರಡನೇ ಸಲ, ಈ ಸಲ ರೈಲಲ್ಲಿ

ಮೊದಲ ಸಲ ಕಾರಲ್ಲಿ ಹೋಗಿದ್ದೆ. ಕೋಟಿಲಿಂಗೇಶ್ವರ ನೋಡಿ, ಚಿನ್ನದ ಗಣಿ ಗೇಟಿನ ಮುಂದೆ ಒಂದು ಫೋಟೊ ಹೊಡ್ಕೊಂಡು ಬಂದೆ, ಅಷ್ಟೇ. ಊರು ನೋಡಿದ್ದೇ ಈ ಸಲ.

ಬೆಳಗ್ಗೆ ಬೆಂಗಳೂರಲ್ಲಿ ನನ್ನ ಗಾಡಿ ಹೆಚ್ಚುಕಡಿಮೆ ಖಾಲಿ. ಎದುರಿನಿಂದ ಬಂದದ್ದರಲ್ಲಿ ಕಾಲಿಡಲು ಜಾಗವಿಲ್ಲ. ಕೆಜಿಎಫ್ ಕಡೆಯವರು ದಿನಾ ಹೀಗೇ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ. ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿದೆ. ಅಲ್ಲಿಂದ ಮಾರಿಕುಪ್ಪಂಗೆ ಹೋಗುವ ಈ ಪುಟ್ಟ ಲೈನು ಹಾಕಿದ್ದೇ ಗಣಿಗೋಸ್ಕರ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಹೀಗೆ ಸ್ಟೇಷನ್ನಿನ ಹೆಸರಲ್ಲೇ ಗಣಿಯ ನೆನಪು.

ಮಾರಿಕುಪ್ಪಂನಲ್ಲಿ ಆಟೋ ಹಿಡಿದೆ. ಗಣಿ ಒಳಗೆ ಬಿಡ್ತಾರೇನೋ ಅಂತ ಆಸೆಯಿಂದ ಗೇಟಿಗೆ ಹೋದೆ. "ಆಗಲ್ಲ ಸಾರ್, 2001ರಿಂದ ಬಂದ್" ಎಂದರು ವಾಚ್‌ಮನ್. ಮೊದಲೇ ಕೇಳಿಕೊಂಡು ಬಂದಿದ್ದರೆ ಒಂದು ಗಂಟೆ ಉಳಿಯುತ್ತಿತ್ತು. ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಮೇಲಿನ ಕಬ್ಬಿಣದ ಗೋಪುರ ರಸ್ತೆಯಿಂದಲೇ ಕಾಣುತ್ತದೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. ತಳದಲ್ಲಿ ಬಂಡೆಯೇ ಸುಡುವಷ್ಟು ಬಿಸಿ. ಕೊನೆಕೊನೆಗೆ ಒಂದು ಟನ್ ಕಲ್ಲು ಒಡೆದರೆ ಸಿಗುತ್ತಿದ್ದದ್ದು 3 ಗ್ರಾಂ ಆಸುಪಾಸಿನ ಚಿನ್ನ. ಖರ್ಚು ಹುಟ್ಟುವುದಾದರೂ ಹೇಗೆ?

ಗೇಟಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೈನೈಡ್ ದಿಬ್ಬ. ಸೈನೈಡ್ ಬಳಸಿ ಚಿನ್ನ ತೆಗೆದು ಉಳಿದ ಕಲ್ಲಿನ ಹುಡಿ ಸುರಿದು ಸುರಿದು ಬೆಳೆದ ಗುಡ್ಡ ಅದು. ದೂರದಿಂದ ಮರಳ ಗುಡ್ಡದ ಹಾಗಿದೆ. ಹತ್ತಿರ ಹೋದರೆ ಮಳೆನೀರು ಕೊರೆದ ಆಳದ ಗೀರುಗಳು, ನೆರಿಗೆ ಹಿಡಿದ ಸೀರೆಯಂತೆ. ಗಿಡ ಅಪರೂಪ. ಒಂದು ಗಾಳಿ ಬೀಸಿತು ನೋಡಿ, ಬೂದಿಬಣ್ಣದ ಹುಡಿ ಕಣ್ಣು, ಬಾಯಿ ಎಲ್ಲಾ ತುಂಬಿತು. ಹತ್ತಲು ಹೋಗಬೇಡಿ, ಬುಡದಲ್ಲಿ ನಿಂತರೂ ಮುಖಕ್ಕೊಂದು ಬಟ್ಟೆ ಇರಲಿ.

ಪಕ್ಕದಲ್ಲಿ ಗಣಿ ಕಾರ್ಮಿಕರ ಸಾಲು ಮನೆಗಳು, ಇಲ್ಲಿನವರ ಬಾಯಲ್ಲಿ ಲೈನ್ ಮನೆ. ಅವುಗಳ ಹತ್ತಿರ ಒಬ್ಬ ತಾತ ನೀರು ಕೊಟ್ಟರು. ನಾನು ಕನ್ನಡದಲ್ಲಿ ಕೇಳಿದೆ, ಅವರು ಅರ್ಧ ತಮಿಳು ಸೇರಿಸಿ ಹೇಳಿದರು. ಇಲ್ಲಿ ಅದೇ ಮಾಮೂಲು. "ಒಳಗೆ ಬಂಡೆ ಸಿಡಿದ್ರೆ ಇಲ್ಲಿ ಅಡುಗೆಮನೇಲಿ ಪಾತ್ರೆ ಬೀಳ್ತಿತ್ತು ಕಣಪ್ಪ. ಹೆಂಗಸರು ಓಡಿ ಶಾಫ್ಟ್ ಹತ್ರ ನಿಲ್ತಿದ್ರು" ಎಂದರು. ಅವರ ಮನೆ ಒಂದು ಕೋಣೆ, ಒಂದು ಅಡುಗೆಮನೆ. ಆಟೋದಲ್ಲಿ ಸ್ವಲ್ಪ ಮುಂದೆ ಹೋದರೆ ಬ್ರಿಟಿಷ್ ಅಧಿಕಾರಿಗಳ ದೊಡ್ಡ ಬಂಗಲೆಗಳು. ಶಿವನಸಮುದ್ರದ ಕರೆಂಟು 1902ರಲ್ಲೇ ಈ ಗಣಿಗೆ ಬಂತು, ಬೆಂಗಳೂರಿಗೆ 1905ರಲ್ಲಿ. ಆ ಬೆಳಕು ಬಂಗಲೆಗೆ ಎಂದು ಬಂತು, ಲೈನ್ ಮನೆಗೆ ಎಂದು ಬಂತು ಅಂತ ತಾತನನ್ನೇ ಕೇಳಬೇಕಿತ್ತು. ಆಗ ಹೊಳೆಯಲೇ ಇಲ್ಲ.

ಮಧ್ಯಾಹ್ನ ರಾಬರ್ಟ್‌ಸನ್‌ಪೇಟೆಯಲ್ಲಿ ಬಿರಿಯಾನಿ ತಿಂದೆ. ಮಾರ್ಕೆಟ್ ಜೋರಾಗಿದೆ. ಕೆಜಿಎಫ್ ಅಂದ್ರೆ ಪಾಳು ಊರು ಅನ್ನುವವರು ಒಮ್ಮೆ ಇಲ್ಲಿ ಬಂದು ಹೋಗಬೇಕು.

ವಾಪಸ್ ಬರುತ್ತಾ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿಗೆ ನಿಂತೆ. ಇಲ್ಲಿನ ಪಾನಿ ಹಸಿರಲ್ಲ, ಕುಡಿಯುವ ನೀರಿನ ಹಾಗೆ ತಿಳಿ. ನಂಬಿ ಒಂದೇ ಗುಟುಕು ಕುಡಿದೆ, ಖಾರ ನೆತ್ತಿಗೇರಿತು. ಸ್ಟೇಷನ್ನಿಗೆ ಬಂದರೆ ಬೆಂಗಳೂರಿನ ಗಾಡಿ ಬಂದು ನಿಂತಿತ್ತು. ಬೆಳಗಿನ ಜನವೇ, ಖಾಲಿ ಟಿಫಿನ್ ಕ್ಯಾರಿಯರ್ ಹಿಡಿದು, ಮಾರಿಕುಪ್ಪಂ ಗಾಡಿಗೆ ಓಡುತ್ತಿದ್ದರು. ನಾನು ಗೋಡೆಗೆ ಒರಗಿ ದಾರಿ ಬಿಟ್ಟೆ.