ಮೊದಲು ನೋಡಿ, ಆಮೇಲೆ ಸ್ಕ್ರೂ ತಿರುಗಿಸಿ: ಮನೆಯಲ್ಲೇ ಸೈಕಲ್ ರಿಪೇರಿ

ಸೈಕಲ್ ಕೈಕೊಟ್ಟಾಗ ಜಾಸ್ತಿ ಜನ ಮಾಡುವ ಮೊದಲ ಕೆಲಸ ಏನು ಗೊತ್ತಾ? ಕಣ್ಣಿಗೆ ಬಿದ್ದ ಸ್ಕ್ರೂ ತಿರುಗಿಸುವುದು. ಆಗಲಿಲ್ಲ, ಪಕ್ಕದ್ದನ್ನೂ ತಿರುಗಿಸುವುದು. ಸ್ವಲ್ಪ ಹೊತ್ತಿಗೆ ಒಂದಿದ್ದ ತೊಂದರೆ ಮೂರಾಗಿರುತ್ತದೆ, ಮೊದಲು ಯಾವುದು ಹೇಗಿತ್ತು ಅನ್ನುವುದೂ ಮರೆತಿರುತ್ತದೆ. ಸೈಕಲ್‌ನಲ್ಲಿ ಮುಚ್ಚಿಟ್ಟ ಭಾಗ ಕಡಿಮೆ. ಕೇಬಲ್ಲು, ಚೈನು, ಬ್ರೇಕು ಎಲ್ಲ ಹೊರಗೇ ಇವೆ. ಐದು ನಿಮಿಷ ಸುಮ್ನೆ ನೋಡಿದರೆ ಅರ್ಧ ರಿಪೇರಿ ಆದಂತೆಯೇ. ಕಾರಣ ಹುಡುಕಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಎಷ್ಟು ಸುತ್ತು ತಿರುಗಿಸಿದಿರಿ ಅಂತ ಲೆಕ್ಕ ಇಡಿ.

ಸಾಮಾನು ಜಾಸ್ತಿ ಬೇಡ. 4, 5, 6 ಮಿ.ಮೀ. ಅಲೆನ್ ಕೀ, ಒಂದು ಸ್ಕ್ರೂಡ್ರೈವರ್, ಎರಡು ಟೈರ್ ಲಿವರ್, ಪ್ಯಾಚು ಮತ್ತು ಸಲ್ಯೂಷನ್, ಮೀಟರ್ ಇರುವ ಪಂಪು, ಚೈನಿಗೆ ಹಾಕುವ ಎಣ್ಣೆ, ಸ್ವಲ್ಪ ಗ್ರೀಸು, ಹಳೆ ಬಟ್ಟೆ. ಸ್ಟ್ಯಾಂಡ್ ಇಲ್ಲದಿದ್ದರೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿಯೂ ಕೆಲಸ ಮಾಡಬಹುದು. ಹೈಡ್ರಾಲಿಕ್ ಬ್ರೇಕ್ (ಕೇಬಲ್ ಬದಲು ಪೈಪಿನೊಳಗಿನ ಎಣ್ಣೆಯಿಂದ ಕೆಲಸ ಮಾಡುವುದು) ಇದ್ದರೆ ಮಾತ್ರ, ನೆಟ್ಟಗೆ ಮಾಡಿದ ಮೇಲೆ ಬ್ರೇಕ್ ಲಿವರ್ ಒತ್ತಿ ನೋಡಿಯೇ ಹತ್ತಿ. ಒಳಗೆ ಸ್ವಲ್ಪ ಗಾಳಿ ಇದ್ದರೂ ತಲೆಕೆಳಗೆ ಮಾಡಿದಾಗ ಅದು ಪೈಪಿಗೆ ಸೇರಿಕೊಂಡು ಲಿವರ್ ಮೆತ್ತಗಾಗುತ್ತದೆ.

ಪಂಚರ್: ತೂತಿಗಿಂತ ಮೊದಲು ಕಾರಣ

ಪಂಚರ್ ಹಾಕುವುದು ಎಲ್ಲರಿಗೂ ಗೊತ್ತು. ಹಾಕಿದ ಮರುದಿನವೇ ಮತ್ತೆ ಗಾಳಿ ಹೋಗಿರುವುದೂ ಎಲ್ಲರಿಗೂ ಗೊತ್ತು, ಅಲ್ವಾ? ಮುಳ್ಳು ಇನ್ನೂ ಟೈರಿನಲ್ಲೇ ಕೂತಿರುವುದೇ ಅದಕ್ಕೆ ಸಾಮಾನ್ಯ ಕಾರಣ.

ಹಾಗಾಗಿ ಟ್ಯೂಬು ಹೊರಗೆ ಎಳೆಯುವಾಗ ಅದು ಟೈರಿನಲ್ಲಿ ಹೇಗೆ ಕೂತಿತ್ತು ಅಂತ ನೆನಪಿಡಿ. ಟೈರಿನ ಮೇಲೆ ಕಂಪನಿ ಹೆಸರು ಬರೆದಿರುವ ಜಾಗವನ್ನು ವಾಲ್ವಿನ ಪಕ್ಕಕ್ಕೇ ಬರುವಂತೆ ಯಾವಾಗಲೂ ಕೂರಿಸುವ ಅಭ್ಯಾಸ ಇದಕ್ಕೇ ಇರುವುದು. ನೋಡಲು ಚೆಂದ ಅಂತ ಮಾತ್ರ ಅಲ್ಲ. ಟ್ಯೂಬಿನಲ್ಲಿ ವಾಲ್ವಿನಿಂದ ಒಂದು ಗೇಣು ದೂರ ತೂತು ಇದ್ದರೆ, ಟೈರಿನಲ್ಲೂ ಆ ಹೆಸರಿನಿಂದ ಒಂದು ಗೇಣು ದೂರದಲ್ಲಿ ಹುಡುಕಿದರಾಯಿತು. ಟ್ಯೂಬು ತಿರುಗಿಸಿ ಹಿಡಿದಿರಬಹುದು, ಆದ್ದರಿಂದ ವಾಲ್ವಿನ ಎರಡೂ ಕಡೆ ನೋಡಿ. ಟೈರಿನ ಒಳಗೆ ಬೆರಳಾಡಿಸುವಾಗ ಹುಷಾರು, ಗಾಜಿನ ಚೂರು ಇರಬಹುದು. ಒಂದು ಬಟ್ಟೆಯನ್ನು ಒಳಗೆ ಸುತ್ತ ಎಳೆದರೆ ಚೂಪಾದದ್ದು ಏನಿದ್ದರೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ತೆಳು ತಂತಿಯ ಚೂರಂತೂ ಕಣ್ಣಿಗೆ ಕಾಣುವುದೇ ಇಲ್ಲ, ಟೈರನ್ನು ಹೊರಕ್ಕೆ ಬಗ್ಗಿಸಿದಾಗ ಮಾತ್ರ ತುದಿ ತೋರಿಸುತ್ತದೆ.

ತೂತು ಇರುವ ಜಾಗವೇ ಕಥೆ ಹೇಳುತ್ತದೆ. ಹೊರಮೈಯಲ್ಲಿ ಒಂದೇ ತೂತು ಇದ್ದರೆ ಮುಳ್ಳೋ ಗಾಜೋ. ಅಕ್ಕಪಕ್ಕ ಎರಡು ಸಣ್ಣ ಸೀಳು ಇದ್ದರೆ ಗಾಳಿ ಕಡಿಮೆ ಇದ್ದು, ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಜಜ್ಜಿದೆ. ರಿಮ್ಮಿನ ಕಡೆ ಇರುವ ಒಳಮೈಯಲ್ಲಿ ತೂತಾಗಿದ್ದರೆ ರಿಮ್ಮಿನ ಒಳಗೆ ಕಡ್ಡಿಯ ತೂತುಗಳನ್ನು ಮುಚ್ಚುವ ರಿಮ್ ಟೇಪ್ ಸರಿದು ಕಡ್ಡಿಯ ತುದಿಯೋ, ಅದರ ತೂತಿನ ಅಂಚೋ ತಾಗುತ್ತಿದೆ. ಟೇಪ್ ಸರಿಮಾಡದೆ ಎಷ್ಟು ಪ್ಯಾಚ್ ಹಾಕಿದರೂ ದಂಡ.

ಪ್ಯಾಚ್ ಹಾಕುವಾಗ ಅವಸರ ಒಂದೇ ಶತ್ರು. ತೂತಿನ ಸುತ್ತ ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ. ಟ್ಯೂಬಿನ ಮೇಲೆ ಎದ್ದಿರುವ ಗೆರೆ ಅಲ್ಲೇ ಹಾದುಹೋಗಿದ್ದರೆ ಅದನ್ನೂ ಸಮ ಮಾಡಿ, ಇಲ್ಲದಿದ್ದರೆ ಗಾಳಿ ಆ ಗೆರೆಯ ಪಕ್ಕದಿಂದಲೇ ನುಸುಳುತ್ತದೆ. ಪ್ಯಾಚಿಗಿಂತ ಸ್ವಲ್ಪ ಅಗಲವಾಗಿ ಸಲ್ಯೂಷನ್ ತೆಳ್ಳಗೆ ಹಚ್ಚಿ. ಆಮೇಲೆ ಕಾಯಿರಿ. ಹಸಿ ಇರುವಾಗಲೇ ಅಂಟಿಸಿದರೆ ಪ್ಯಾಚು ಜಾರುತ್ತದೆ. ಹಸಿಯ ಹೊಳಪು ಹೋಗಿ ಮಂಕಾಗಬೇಕು, ಅದಕ್ಕೆ ಐದು ನಿಮಿಷದಷ್ಟು ಹಿಡಿಯಬಹುದು. ನಂತರ ಪ್ಯಾಚ್ ಇಟ್ಟು ನಡುವಿನಿಂದ ಅಂಚಿನ ಕಡೆಗೆ ಗಟ್ಟಿಯಾಗಿ ಒತ್ತಿ. ಸಲ್ಯೂಷನ್ ಬೇಡದ ಸ್ಟಿಕ್ಕರ್ ಪ್ಯಾಚ್‌ಗಳು ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಪರವಾಗಿಲ್ಲ, ಮನೆಯಲ್ಲಿ ಕೂತು ಮಾಡುವಾಗ ಅವನ್ನು ನಾನು ಮುಟ್ಟುವುದಿಲ್ಲ.

ಮತ್ತೆ ಹಾಕುವಾಗ ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ಇರಲಿ. ಟೈರಿನ ಅಂಚನ್ನು ವಾಲ್ವಿನ ಎದುರು ಕಡೆಯಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ. ರಿಮ್ಮಿನ ನಡುವೆ ಒಂದು ಹಳ್ಳ ಇರುತ್ತದೆ. ಹಾಕಿದ ಅಂಚನ್ನು ಆ ಹಳ್ಳಕ್ಕೆ ತಳ್ಳುತ್ತಾ ಬಂದರೆ ಕೊನೆಯ ನಾಲ್ಕು ಬೆರಳಿನ ಜಾಗಕ್ಕೆ ಸಡಿಲ ಸಿಗುತ್ತದೆ, ಬರೀ ಕೈಯಲ್ಲೇ ಕೂರುತ್ತದೆ. ಅಲ್ಲಿ ಲಿವರ್ ಹಾಕಿ ಮೀಟಿದರೆ ಈಗಷ್ಟೇ ಸರಿಮಾಡಿದ ಟ್ಯೂಬಿಗೆ ಇನ್ನೊಂದು ತೂತು ಗ್ಯಾರಂಟಿ. ಕೊನೆಗೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಅಂಚಿನಡಿ ಟ್ಯೂಬು ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ. ಗಾಳಿ ಎಷ್ಟು ಅನ್ನುವುದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಅಲ್ಲಿರುವ ಗರಿಷ್ಠ ಅಂಕಿಗೇ ಹೊಡೆಯಬೇಕು ಅಂತೇನಿಲ್ಲ.

ಚೈನು

ಚೈನಿಗೆ ಎಣ್ಣೆ ಬೇಕಾದದ್ದು ಹೊರಗೆ ಅಲ್ಲ, ಪಿನ್ನು ಮತ್ತು ರೋಲರ್ ನಡುವೆ. ಹೊರಗೆ ಹಚ್ಚಿದ್ದು ಧೂಳು ಹಿಡಿದು ಕಪ್ಪು ಮಸಿಯಾಗುತ್ತದೆ, ಆ ಮಸಿ ಉಪ್ಪುಕಾಗದದ ಹಾಗೆ ಚೈನನ್ನೂ ಹಲ್ಲನ್ನೂ ಸವೆಸುತ್ತದೆ. ಮೊದಲು ಒರೆಸಿ. ಆಮೇಲೆ ಪ್ರತಿ ರೋಲರಿಗೆ ಒಂದೊಂದು ಹನಿ ಬಿಡಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟೆಯಿಂದ ಮತ್ತೆ ಒರೆಸಿ. ಈ ಕೊನೆಯ ಒರೆಸುವಿಕೆಯನ್ನೇ ಎಲ್ಲರೂ ಬಿಡುವುದು. ಮಾಮೂಲಿ ಡಬ್ಲ್ಯೂಡಿ-40 ಸ್ಪ್ರೇ ನೀರು ಓಡಿಸಲು, ತುಕ್ಕು ಬಿಡಿಸಲು ಒಳ್ಳೆಯದು, ಚೈನ್ ಎಣ್ಣೆಯ ಬದಲಿಗೆ ಅಲ್ಲ. ಒಳಗಿದ್ದ ಎಣ್ಣೆಯನ್ನೂ ಅದು ತೊಳೆದುಬಿಡುತ್ತದೆ.

ಚೈನು ಸವೆದಿದೆಯೋ ಇಲ್ಲವೋ ನೋಡಲು ಉಕ್ಕಿನ ಸ್ಕೇಲ್ ಸಾಕು. ಎರಡು ಪಿನ್ನಿನ ನಡುವಿನ ದೂರ ಅರ್ಧ ಇಂಚು, ಅಂದರೆ 12.7 ಮಿ.ಮೀ. ಪೆಡಲ್ ಒತ್ತಿ ಚೈನಿನ ಮೇಲಿನ ಭಾಗ ಬಿಗಿ ಮಾಡಿ, ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ 12 ಇಂಚಿನ ಗೆರೆಯ ಮೇಲೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬರಬೇಕು. ಅದು ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗದಷ್ಟು, ಸುಮಾರು 1.6 ಮಿ.ಮೀ. ಮುಂದೆ ಹೋಗಿದ್ದರೆ ಶೇ. 0.5ರಷ್ಟು ಸವೆದಿದೆ. 11 ಅಥವಾ 12 ಸ್ಪೀಡ್ (ಅಂದರೆ ಹಿಂದೆ ಅಷ್ಟು ಹಲ್ಲಿನ ಚಕ್ರ) ಇದ್ದರೆ ಆಗಲೇ ಬದಲಾಯಿಸಿ, ಅದಕ್ಕಿಂತ ಕಡಿಮೆ ಗೇರಿನವು ಶೇ. 0.75ರವರೆಗೆ ತಡೆಯುತ್ತವೆ. ಇನ್ನೂ ಎಳೆದರೆ ಹಿಂದಿನ ಹಲ್ಲಿನ ಚಕ್ರಗಳೂ ಅದೇ ಅಳತೆಗೆ ಸವೆಯುತ್ತವೆ. ಆಮೇಲೆ ಹೊಸ ಚೈನ್ ಹಾಕಿದರೆ ಅದು ಹಲ್ಲು ಹಾರುತ್ತದೆ. ಚೈನಿನ ಜೊತೆ ಕ್ಯಾಸೆಟ್ಟಿಗೂ, ಅಂದರೆ ಆ ಹಲ್ಲಿನ ಚಕ್ರಗಳ ಗುಂಪಿಗೂ ದುಡ್ಡು ಸುರಿಯಬೇಕು.

ಗೇರ್

ಹಿಂದಿನ ಗೇರ್ ತಕರಾರು ಮಾಡಿದರೆ ಡಿರೇಲರ್ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮೇಲೆ ಎಚ್, ಎಲ್ ಅಂತ ಗುರುತು ಇರುವ ಎರಡು ಸ್ಕ್ರೂ ಮುಟ್ಟಲೇಬೇಡಿ. ಅವು ಚೈನಿಗೆ ಹಾಕಿದ ಬೇಲಿ. ಎಚ್ ಇರುವುದು ಚೈನು ಅತಿ ಸಣ್ಣ ಹಲ್ಲಿನ ಚಕ್ರದಿಂದ ಆಚೆ ಬೀಳದಂತೆ, ಎಲ್ ಇರುವುದು ದೊಡ್ಡ ಚಕ್ರ ದಾಟಿ ಕಡ್ಡಿಗೆ ಸಿಕ್ಕದಂತೆ. ತಾವಾಗಿ ಅವು ಸಾಮಾನ್ಯವಾಗಿ ಕೆಡುವುದಿಲ್ಲ. ಕೆಟ್ಟಿರುವುದು ಬಹುತೇಕ ಕೇಬಲ್ಲಿನ ಬಿಗಿ.

ಕೇಬಲ್ ಡಿರೇಲರಿಗೆ ಸೇರುವ ಕಡೆಯೋ ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಶಿಫ್ಟರಿನ ಹತ್ತಿರವೋ ಕೈಯಲ್ಲೇ ತಿರುಗುವ ಒಂದು ಸಣ್ಣ ತಿರುಪು ಇರುತ್ತದೆ, ಬ್ಯಾರಲ್ ಅಂತಾರೆ. ಇದನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಕೇಬಲ್ ಬಿಗಿಯಾಗುತ್ತದೆ, ಮುಚ್ಚುವ ದಿಕ್ಕಿಗೆ ಸಡಿಲ. ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸುತ್ತಾ ಒಂದೊಂದೇ ಗೇರ್ ಹಾಕಿ. ಚೈನು ದೊಡ್ಡ ಹಲ್ಲಿನ ಚಕ್ರಕ್ಕೆ ಏರಲು ಹಿಂದೇಟು ಹಾಕಿದರೆ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ನೋಡಿ. ಸಣ್ಣದಕ್ಕೆ ಇಳಿಯಲು ತಡ ಮಾಡಿದರೆ ಕಾಲು ಸುತ್ತು ಸಡಿಲ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತಿದೆ, ಎಷ್ಟು ತಿರುಗಿಸಿದರೂ ಹದ ಸಿಗುತ್ತಿಲ್ಲ ಅಂದರೆ ಬ್ಯಾರಲ್ಲಿನದು ತಪ್ಪಿಲ್ಲ. ಕೇಬಲ್ ಕೊಳವೆಯೊಳಗೆ ತುಕ್ಕೋ ಕೊಳೆಯೋ ತುಂಬಿ ಎಳೆದದ್ದು ವಾಪಸ್ ಜಾರುತ್ತಿಲ್ಲ. ಕೇಬಲ್ಲು, ಕೊಳವೆ ಎರಡನ್ನೂ ಬದಲಾಯಿಸಿ. ಹೊಸ ಕೇಬಲ್ ಹಾಕಿದ ಸ್ವಲ್ಪ ದಿನಕ್ಕೆ ಮತ್ತೊಮ್ಮೆ ಬಿಗಿ ಮಾಡಬೇಕಾಗುತ್ತದೆ, ಅದು ಮಾಮೂಲಿ.

ಸೈಕಲ್ ಬಲಗಡೆಗೆ ಬಿದ್ದ ಮೇಲೆ ಗೇರ್ ಕೆಟ್ಟಿದ್ದರೆ ಮೊದಲು ಹಿಂದೆ ಕೂತು ನೋಡಿ. ಡಿರೇಲರಿನ ಎರಡು ಪುಟ್ಟ ಚಕ್ರಗಳು ಮೇಲಿನ ಹಲ್ಲಿನ ಚಕ್ರಕ್ಕೆ ನೇರವಾಗಿ ಕೆಳಗೆ ಇರಬೇಕು. ಒಳಕ್ಕೆ ವಾಲಿದ್ದರೆ ಹ್ಯಾಂಗರ್, ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು, ಬಗ್ಗಿದೆ. ಹಾಗೇ ಓಡಿಸಿ ದೊಡ್ಡ ಚಕ್ರಕ್ಕೆ ಹಾಕಿದರೆ ಡಿರೇಲರ್ ಕಡ್ಡಿಯೊಳಗೆ ಹೋಗಬಹುದು.

ಬ್ರೇಕು, ಶಬ್ದ, ಉಳಿದದ್ದು

ಡಿಸ್ಕ್ ಬ್ರೇಕ್ ಉಜ್ಜುತ್ತಿದೆಯಾ? ಸ್ಪ್ಯಾನರ್ ತೆಗೆಯುವ ಮೊದಲು ಚಕ್ರ ಸಡಿಲ ಮಾಡಿ, ಸೈಕಲ್ ನೆಲದ ಮೇಲೆ ಒತ್ತಿ ಹಿಡಿದು ಮತ್ತೆ ಬಿಗಿ ಮಾಡಿ. ಎಷ್ಟೋ ಸಲ ಚಕ್ರ ಓರೆಯಾಗಿ ಕೂತಿರುತ್ತದೆ, ಅಷ್ಟೇ. ಉಜ್ಜುವುದು ಹೋಗದಿದ್ದರೆ ಕ್ಯಾಲಿಪರಿನ (ಡಿಸ್ಕನ್ನು ಹಿಡಿಯುವ ಭಾಗ) ಎರಡು ಬೋಲ್ಟ್ ಸಡಿಲಿಸಿ, ಬ್ರೇಕ್ ಹಿಡಿದುಕೊಂಡೇ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಡಿಸ್ಕಿಗೆ ಎಣ್ಣೆ ಕೈ ತಾಗಿಸಬೇಡಿ, ಚಕ್ರ ತೆಗೆದಿರುವಾಗ ಹೈಡ್ರಾಲಿಕ್ ಲಿವರ್ ಒತ್ತಬೇಡಿ. ರಿಮ್ ಬ್ರೇಕ್ ಇದ್ದವರು ರಬ್ಬರಿನಲ್ಲಿ ಗೆರೆಗಳು ಉಳಿದಿವೆಯಾ ನೋಡಿ, ಅದರಲ್ಲಿ ಸಿಕ್ಕಿರುವ ಲೋಹದ ಚೂರುಗಳನ್ನು ಸೂಜಿಯಿಂದ ಕಿತ್ತುಹಾಕಿ.

ಕಿರಕಿರ ಶಬ್ದ ಹುಡುಕುವುದು ತಲೆನೋವು, ಫ್ರೇಮಿನ ಕೊಳವೆಗಳಲ್ಲಿ ಶಬ್ದ ಓಡಾಡುವುದರಿಂದ ಕಿವಿ ಮೋಸ ಹೋಗುತ್ತದೆ. ಸೀಟಿನಿಂದ ಎದ್ದು ತುಳಿದಾಗ ನಿಂತರೆ ಅದು ಸೀಟಿನದ್ದು ಅಥವಾ ಸೀಟಿನ ಕಂಬದ್ದು. ತುಳಿಯುವುದು ನಿಲ್ಲಿಸಿದಾಗ ನಿಂತರೆ ಪೆಡಲ್, ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಮುಂದಿನ ಹಲ್ಲಿನ ಚಕ್ರದ ಬೋಲ್ಟ್‌ಗಳನ್ನು ನೋಡಿ. ಪೆಡಲ್ ಬಿಚ್ಚಿ ಥ್ರೆಡ್ ಒರೆಸಿ ಗ್ರೀಸ್ ಹಚ್ಚಿದರೆ ಬಹಳ ಸಲ ಅಲ್ಲೇ ಮುಗಿಯುತ್ತದೆ. ಎಡಗಡೆ ಪೆಡಲ್ ಥ್ರೆಡ್ ಉಲ್ಟಾ ಅನ್ನುವುದು ನೆನಪಿರಲಿ, ಬಿಚ್ಚಲು ಬಲಕ್ಕೆ ತಿರುಗಿಸಬೇಕು.

ಹೈಡ್ರಾಲಿಕ್ ಬ್ರೇಕಿನ ಎಣ್ಣೆ ಬದಲಾಯಿಸುವುದನ್ನು ಮನೆಯಲ್ಲಿ ಮಾಡಬಹುದು. ಆದರೆ ಮಿನರಲ್ ಆಯಿಲ್ ಬೇಕಾದ ಬ್ರೇಕಿಗೆ ಡಾಟ್ ಫ್ಲೂಯಿಡ್ (ಇನ್ನೊಂದು ಬಗೆಯ ಬ್ರೇಕ್ ಎಣ್ಣೆ) ಹಾಕಿದರೆ ಒಳಗಿನ ರಬ್ಬರ್ ಸೀಲ್‌ಗಳು ಹಾಳಾಗುತ್ತವೆ, ಯಾವುದು ಅಂತ ಖಚಿತ ಇಲ್ಲದಿದ್ದರೆ ಮೆಕ್ಯಾನಿಕ್‌ಗೆ ಕೊಡಿ. ಬಗ್ಗಿದ ಫೋರ್ಕು, ಬಿರುಕು ಬಿಟ್ಟ ಫ್ರೇಮು ಕೂಡ ಅವರ ಪಾಲಿಗೇ ಇರಲಿ. ಇನ್ನು ಏನೇ ರಿಪೇರಿ ಮಾಡಿದರೂ ಮೊದಲ ಸುತ್ತು ನಿಧಾನವಾಗಿ, ಮನೆಯ ಹತ್ತಿರವೇ, ಜೇಬಿನಲ್ಲಿ ಅಲೆನ್ ಕೀ ಇಟ್ಟುಕೊಂಡು ಹೋಗಿ. ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ನೋಡಿ, ಎಲ್ಲ ಗೇರ್ ಒಮ್ಮೆ ಹಾಕಿ, ಬಂದ ಮೇಲೆ ಬಿಚ್ಚಿದ್ದ ಬೋಲ್ಟ್‌ಗಳನ್ನೆಲ್ಲ ಇನ್ನೊಮ್ಮೆ ಮುಟ್ಟಿ ನೋಡಿ.